ಕಪ್ಪು ಒಂದು

ಅಂಬಲಪಾಡಿಯ ಶೋರೂಮಿನಲ್ಲಿ
ನಾನು ಕೇಳಿದ್ದು ಒಂದೇ:
"ಸ್ಟಾರ್ಟ್ ಮಾಡಿ ತೋರಿಸ್ತೀರಾ?"

ಸುಪ್ರಭಾ ಎಂಬ ಹುಡುಗಿ, ಕೊರಳಲ್ಲಿ ಗುರುತಿನ ಪಟ್ಟಿ,
ಮೈಲೇಜಿನಿಂದ ಶುರು ಮಾಡಿದ್ದಳು ಪಾಪ.
ಫೋನಿಗೆ ಜೋಡಿಸಬಹುದಂತೆ, ದಾರಿ ಹೇಳುತ್ತದಂತೆ.
ಬಾರಕೂರು, ಬೆಳ್ಮಣ್ಣು, ಶಿರ್ವ, ಸಾಸ್ತಾನ,
ಮೂವತ್ತು ವರ್ಷ ಹಾರ್ಮೋನಿಯಂ ರಿಪೇರಿಗೆ ತಿರುಗಿದವನಿಗೆ
ದಾರಿ ಹೇಳುವ ಗಾಡಿ!
ನಕ್ಕದ್ದು ನಾನಲ್ಲ, ಹಿಂದೆ ನಿಂತ ಸುಗಂಧಿ.

ಬೈಕ್ ಬೇಡ. ಟ್ಯಾಂಕಿನ ಮೇಲೆ ಪೆಟ್ಟಿಗೆ ಕೂರುವುದಿಲ್ಲ.
ಸ್ಕೂಟರಿನಲ್ಲಾದರೆ ಕಾಲ ನಡುವೆ ಚಪ್ಪಟೆ ಜಾಗ;
ಮೂರೂವರೆ ಸಪ್ತಕದ ಪೆಟ್ಟಿಗೆ ಅಲ್ಲಿ
ನಿದ್ದೆಗಣ್ಣಿನ ಕೂಸಿನ ಹಾಗೆ
ಮೊಣಕಾಲಿಗೆ ಒರಗಿ ಬರುತ್ತದೆ.

ಹಳೆಯದು ನೂರು ಸೀಸಿಯ ಗಾಡಿ. ಸಣ್ಣ ಚಕ್ರ.
ಮಣಿಪಾಲದ ಏರಿನಲ್ಲಿ ಪೆಟ್ಟಿಗೆ, ಸುಗಂಧಿ, ನಾನು,
ಮೂವರಲ್ಲಿ ಒಬ್ಬರು ಇಳಿಯಬೇಕು.
ಪೆಟ್ಟಿಗೆ ಇಳಿಯುವುದಿಲ್ಲ.
ಅವಳು ಇಳಿದು ನಡೆಯುತ್ತಿದ್ದಳು, ಸೆರಗು ಸಿಕ್ಕಿಸಿ,
ಕೆಲವೊಮ್ಮೆ ನನಗಿಂತ ಮುಂದೆ.

ಅದಿರಲಿ. ನಿಜವಾದ ಕಾರಣ ಬೇರೆ.
ಎರಡು ದಿನ ಕೂತು, ಒಂದೊಂದೇ ರೀಡು ಕೆರೆದು,
ಉಸಿರು ಹಿಡಿದು ಕೂಡಿಸಿದ ಶ್ರುತಿ
ಆ ಗಾಡಿಯ ನಡುಕಕ್ಕೆ
ಬೆಳ್ಮಣ್ಣು ಮುಟ್ಟುವುದರೊಳಗೆ ಉದುರುತ್ತಿತ್ತು.
ಭಜನೆಗೆ ಕೂತ ಹಿರಿಯರು ನನ್ನ ಮುಖ ನೋಡುವರು:
"ಶೇರಿಗಾರ್ರೆ, ಮಧ್ಯಮಕ್ಕೆ ಎಂತ ಕೆಮ್ಮು?"
ಕೆಮ್ಮು ರಸ್ತೆಯದ್ದು. ಹೇಗೆ ಹೇಳಲಿ?

ಮೊದಲನೆಯದು ನೂರಾ ಹತ್ತು:
ಮೂಗಿನಲ್ಲಿ ಹಾಡುವ ಭಾಗವತ. ಸಾಕು, ಆಫ್ ಮಾಡಿ.
ಎರಡನೆಯದು ನೂರಿಪ್ಪತ್ತೈದು. ಪರವಾಗಿಲ್ಲ,
ಆದರೆ ಕನ್ನಡಿ ನಡುಗುತ್ತಿತ್ತು,
ಕನ್ನಡಿಯೊಳಗೆ ನನ್ನ ಕಿವಿಯೂ.

ಮೂರನೆಯದು ಮೂಲೆಯಲ್ಲಿತ್ತು.
ನೂರೈವತ್ತು. ತಗಡಿನ ಮೈ, ದುಂಡು ದೀಪ, ದುಂಡು ಸೊಂಟ.
"ಹಳೆ ಕಾಲದ ಅಂದ ಸರ್, ಈಗ ಎಲ್ಲರಿಗೂ ಇದೇ ಬೇಕು."
ಹಳೆ ಕಾಲ ನನಗೆ ಗೊತ್ತು ಮಗಳೇ,
ಬಸ್ಸಿನ ಟಾಪಿನಲ್ಲಿ, ಬಾಳೆಗೊನೆಗೂ ಕೋಳಿಬುಟ್ಟಿಗೂ ನಡುವೆ
ಪೆಟ್ಟಿಗೆಯನ್ನು ಎದೆಗವಚಿ ಕೂತದ್ದು.
ಅದಕ್ಕೆ ಅಂದ ಇರಲಿಲ್ಲ.

ಅವಳು ಗುಂಡಿ ಒತ್ತಿದಳು.
ಮೊದಲು ಸ್ವಲ್ಪ ಏರು, ಚಳಿಗೆ ಎದ್ದವರ ಗಡಿಬಿಡಿ.
ಆಮೇಲೆ ಇಳಿಯಿತು, ಇಳಿಯಿತು, ನಿಂತಿತು.
ಕಣ್ಣು ಮುಚ್ಚಿದೆ.
ಕಪ್ಪು ಒಂದು.
ಪೆಟ್ಟಿಗೆಯಲ್ಲೇ ಇಲ್ಲದಷ್ಟು ಕೆಳಗಿನ ಷಡ್ಜ.
ಕಾಲಿಡುವಲ್ಲಿ ಅಂಗೈ ಊರಿ ನೋಡಿದೆ:
ನಡುಕ ಇತ್ತು,
ನಿದ್ದೆ ಹೋದ ಬೆಕ್ಕಿನ ಹೊಟ್ಟೆಯಷ್ಟು.
ಗೊತ್ತಿಲ್ಲದೆ "ಸಾ" ಎಂದುಬಿಟ್ಟೆ, ಗಟ್ಟಿಯಾಗಿ.
ಸಾಲದ ಮೇಜಿನ ಹುಡುಗ ತಲೆ ಎತ್ತಿದ.

ಸುಗಂಧಿಗೆ ಶ್ರುತಿ ಗಿತಿ ಬೇಡ.
ಹಿಂದಿನ ಸೀಟಿನಲ್ಲಿ ಕೂತು, ಎದ್ದು, ಮತ್ತೆ ಕೂತು
"ಇದರಲ್ಲಿ ಇಳಿಯುವ ಕೆಲಸ ಇಲ್ಲ ಅಲ್ವಾ?" ಎಂದಳು.
ಹುಡುಗಿ ಕೈಪಿಡಿ ತಿರುವಿದಳು.
ನಾನು ನೆಲ ನೋಡಿದೆ.

ಬಣ್ಣ ಅವಳದೇ ಆಯ್ಕೆ. ಕಾಗದದಲ್ಲಿ ಏನೋ ಇಂಗ್ಲಿಷ್ ಹೆಸರು.
"ಬಂಗುಡೆಯ ಬೆನ್ನು," ಎಂದಳು,
"ಮಲ್ಪೆಯಲ್ಲಿ, ಬೆಳಿಗ್ಗೆ, ಬುಟ್ಟಿ ತೆರೆದ ಹೊತ್ತಿನದ್ದು."
ಲೀಟರಿಗೆ ನಲವತ್ತು. ತಿಂಗಳಿಗೆ ನಾಲ್ಕು ಸಾವಿರದ ಕಂತು.
ಲೆಕ್ಕ ಹಾಕಿದರೆ ತಪ್ಪು. ಹಾಕಿದೆ. ತಪ್ಪೇ.
ಸಹಿ ಮಾಡಿದೆ.

ಮೊದಲ ಭಾನುವಾರ ಪೆಟ್ಟಿಗೆ ಮನೆಯಲ್ಲೇ ಬಿಟ್ಟು
ಬೈಂದೂರಿನ ಕಡೆ ಹೊರಟೆವು.
ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ.
ಗಾಡಿ ನಿಲ್ಲಿಸಿದೆ, ಇಂಜಿನ್ ನಿಲ್ಲಿಸಲಿಲ್ಲ.
ಕಾಲ ನಡುವಿನ ಖಾಲಿ ಜಾಗದಲ್ಲಿ
ಚಪ್ಪಲಿ ಬಿಟ್ಟು ಅವಳು ಮರಳಿಗೆ ಇಳಿದಳು,
ಯಾರೂ ಹೇಳದೆ.
ನಾನು ಕಿವಿಗೊಟ್ಟು ಕೂತೆ.
ಸಮುದ್ರ ಶ್ರುತಿ ತಪ್ಪಿತ್ತು.
ಇರಲಿ,
ಅದನ್ನು ರಿಪೇರಿಗೆಂದು ಯಾರೂ ತಂದಿಲ್ಲ.